ಕಲ್ಲಿಗೂ ಒಂದು ಊರಿದೆ

ಕನ್ನಡನಾಡಿನ ಎಷ್ಟೋ ಮನೆಗಳ ದೇವರ ಪೆಟ್ಟಿಗೆಯಲ್ಲಿ ಒಂದು ಪಳೆಯುಳಿಕೆ ಇದೆ. ಬೆಳಗ್ಗೆ ಅದಕ್ಕೆ ಅಭಿಷೇಕವಾಗುತ್ತದೆ, ತುಳಸಿದಳ ಏರುತ್ತದೆ, ತೀರ್ಥ ಮನೆಮಂದಿಯ ಅಂಗೈಗೆ ಬರುತ್ತದೆ. ಸಾಲಿಗ್ರಾಮವೆಂದು ನಾವು ಪೂಜಿಸುವ ಆ ಕಪ್ಪು ಕಲ್ಲುಗಳಲ್ಲಿ ಬಹುಪಾಲು, ಹದಿನಾಲ್ಕು ಹದಿನೈದು ಕೋಟಿ ವರ್ಷಗಳ ಹಿಂದೆ ಟೆಥಿಸ್ ಸಮುದ್ರದಲ್ಲಿ ಈಜುತ್ತಿದ್ದ ಅಮೊನೈಟ್ ಎಂಬ ಚಿಪ್ಪುಜೀವಿಯ ಗುರುತುಗಳು. ಭಾರತದ ಭೂಫಲಕ ಉತ್ತರಕ್ಕೆ ಸರಿದು ಏಷ್ಯಾವನ್ನು ಒತ್ತಿದಾಗ ಆ ಸಮುದ್ರದ ತಳ ಮಡಿಚಿಕೊಂಡು ಮೇಲೆದ್ದು ಹಿಮಾಲಯದ ಭಾಗವಾಯಿತು. ನೇಪಾಳದ ಕಾಳೀಗಂಡಕಿ ನದಿ ಆ ಪದರಗಳನ್ನು ಕೊರೆದು ಹರಿಯುತ್ತದೆ. ಸಮುದ್ರಮಟ್ಟದಿಂದ ಸುಮಾರು 3,700 ಮೀಟರ್ ಎತ್ತರದ ಮುಕ್ತಿನಾಥದ ಆಸುಪಾಸಿನಲ್ಲಿ ಕಡಲಜೀವಿಯ ಚಿಪ್ಪು ಸಿಗುವುದು ಹೀಗೆ. ಒಳಗಿನ ಸುರುಳಿಯನ್ನು ಕೊರೆದದ್ದು ವಜ್ರಕೀಟ ಎಂದು ಪುರಾಣ ಹೇಳಿತು. ಆ ಗೆರೆಗಳ ಹಿಂದೆ ಒಂದು ಜೀವದ ಕೈವಾಡವಿದೆ ಎಂಬಷ್ಟನ್ನು ಹಿರಿಯರು ಕಂಡಿದ್ದರು.

ಆ ಪದ್ಧತಿಯಲ್ಲಿ ಗೌರವಿಸಬೇಕಾದದ್ದು ಇನ್ನೂ ಇದೆ. ಕಲ್ಲು ಎಲ್ಲಿಯದು ಎಂದು ಕೇಳಿದರೆ ಗಂಡಕಿಯದು ಎಂಬ ಉತ್ತರ ಸಿದ್ಧವಿತ್ತು. ಚಕ್ರಗಳೆಷ್ಟು, ಬಾಯಿ ಎಂಥದ್ದು, ಸುರುಳಿ ಯಾವ ರೀತಿಯದು ಎಂದು ನೋಡಿ ಇದು ಲಕ್ಷ್ಮೀನಾರಾಯಣ, ಇದು ನರಸಿಂಹ, ಇದು ಸುದರ್ಶನ ಎಂದು ಗುರುತಿಸುತ್ತಿದ್ದರು. ಸಾಲಿಗ್ರಾಮಕ್ಕೆ ಬೆಲೆ ಕಟ್ಟಬಾರದು, ಕೈಯಿಂದ ಕೈಗೆ ದಾನವಾಗಿ ಬರಬೇಕು ಎಂಬ ನಂಬಿಕೆಯಿತ್ತು. ಊರನ್ನು ನೆನಪಿಡುವುದು, ಆಕಾರವನ್ನು ಗಮನವಿಟ್ಟು ನೋಡುವುದು, ಮಾರಾಟಕ್ಕೆ ಇಡದಿರುವುದು: ಪಳೆಯುಳಿಕೆಯ ವಿದ್ಯೆ ಇಂದು ಕೇಳುವ ನಡತೆಯೂ ಇದೇ.

ಇದರಲ್ಲಿ ಮೊದಲನೆಯದರ ಬಗ್ಗೆ ನನಗೆ ಹೆಚ್ಚು ಹೇಳಬೇಕಿದೆ, ಏಕೆಂದರೆ ಮಿಕ್ಕೆಲ್ಲ ಅದರ ಮೇಲೆ ನಿಂತಿದೆ. ಪಳೆಯುಳಿಕೆಯೊಂದು ನೆಲದಲ್ಲಿರುವಾಗ ಅದರ ಕೆಳಗೊಂದು ಪದರ, ಮೇಲೊಂದು ಪದರ ಇರುತ್ತದೆ. ಕೆಳಗಿನದು ಹಳೆಯದು, ಮೇಲಿನದು ಹೊಸದು. ಪಕ್ಕದಲ್ಲಿ ಬೇರೆ ಜೀವಿಗಳ ಚೂರುಗಳಿರುತ್ತವೆ, ಹೂಳಿನ ಕಣಗಳಿರುತ್ತವೆ, ಅದೃಷ್ಟವಿದ್ದರೆ ಜ್ವಾಲಾಮುಖಿಯ ಬೂದಿಯೂ ಇರುತ್ತದೆ. ಅಲ್ಲಿ ಸಮುದ್ರವಿತ್ತೋ ಕೆರೆಯಿತ್ತೋ, ಜೀವಿ ಸತ್ತಲ್ಲೇ ಹೂತುಹೋಯಿತೋ ನೀರು ಅದನ್ನು ಎಳೆದು ತಂದಿತೋ ಎಂದು ಹೇಳುವುದು ಈ ನೆರೆಹೊರೆ. ಅಮೊನೈಟುಗಳಂತೂ ಕಾಲ ಹೇಳುವ ಜೀವಿಗಳು. ಒಂದೊಂದು ಜಾತಿಯೂ ಸಾಗರಗಳಲ್ಲಿ ದೂರದೂರ ಹರಡಿತ್ತು, ಆದರೆ ಬಹುಕಾಲ ಬಾಳಲಿಲ್ಲ. ಹಾಗಾಗಿ ಯಾವ ಅಮೊನೈಟ್ ಯಾವ ಪದರದಲ್ಲಿದೆ ಎಂದು ನೋಡಿಯೇ ಭೂವಿಜ್ಞಾನಿಗಳು ಜುರಾಸಿಕ್ ಕಾಲವನ್ನು ಸಣ್ಣ ಸಣ್ಣ ಭಾಗಗಳಾಗಿ ವಿಂಗಡಿಸಿದರು. ನದಿ ಉರುಳಿಸಿ ತಂದ ಸಾಲಿಗ್ರಾಮಕ್ಕೆ ನದಿಯ ಹೆಸರು ಉಳಿದಿದೆ, ಪದರದ ನೆನಪು ಉಳಿದಿಲ್ಲ. ಅದರಿಂದ ಭಕ್ತನಿಗೆ ನಷ್ಟವೇನೂ ಆಗಲಿಲ್ಲ. ಕಲಿಯಬೇಕಾದವನಿಗೆ ಅರ್ಧದಷ್ಟು ಪಾಠ ನದಿಯಲ್ಲೇ ಕಳೆದುಹೋಯಿತು.

ಈಗ ಕಲಿಯುವ ದಾರಿ ಬದಲಾಗಿದೆ. ಹಳ್ಳಿಯ ಶಾಲೆಯ ಮೇಷ್ಟರು ಕೈಯಲ್ಲಿರುವ ಫೋನಿನಲ್ಲೇ ಮಕ್ಕಳಿಗೆ ಡೈನೋಸಾರಿನ ತಲೆಬುರುಡೆಯನ್ನು ತಿರುಗಿಸಿ ತಿರುಗಿಸಿ ತೋರಿಸಬಹುದು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿಯ ಪಳೆಯುಳಿಕೆ ಸಂಗ್ರಹಾಲಯ 1990ರ ದಶಕದ ಮೊದಲ ವರ್ಷಗಳಲ್ಲೇ ಅಂತರ್ಜಾಲಕ್ಕೆ ಬಂತು. ಜೀವವಿಕಾಸವನ್ನು ಕಲಿಸುವ ಮೇಷ್ಟರುಗಳಿಗಾಗಿಯೇ ಅದು ಕಟ್ಟಿದ ಪಾಠಗಳು ಇವತ್ತಿಗೂ ಉಚಿತ. 1998ರಲ್ಲಿ ಶುರುವಾದ ಪೇಲಿಯೋಬಯಾಲಜಿ ಡೇಟಾಬೇಸ್‌ನಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ದಾಖಲೆಗಳಿವೆ. ಅದರ ಒಂದು ನಮೂದನ್ನು ತೆರೆದು ನೋಡಿ: ಜೀವಿಯ ಹೆಸರು, ಸಿಕ್ಕ ಜಾಗ, ಶಿಲಾಪದರದ ಹೆಸರು, ಕಾಲ, ಇದನ್ನು ಯಾರು ಯಾವ ಪ್ರಬಂಧದಲ್ಲಿ ಹೇಳಿದರು ಎಂಬ ವಿವರ. ಚಿತ್ರಗಳ ಸೊಬಗು ಅಲ್ಲಿ ಕಡಿಮೆ. ಮಗುವನ್ನು ಮೊದಲ ದಿನ ಅಲ್ಲಿಗೆ ಕರೆದುಕೊಂಡು ಹೋದರೆ ಅದು ಆಕಳಿಸೀತು. ಆದರೂ ನಾನು ತುಂಬ ಆದರಿಸುವ ತಾಣ ಅದು, ಏಕೆಂದರೆ ಅಲ್ಲಿ ಒಂದು ಕಲ್ಲಿಗೂ ಊರು ತಪ್ಪಿಲ್ಲ.

ಊರಿನ ಮಾತನ್ನು ಕೇಳದಿದ್ದರೆ ಎಂಥವರೂ ದಾರಿ ತಪ್ಪಬಹುದು ಎನ್ನುವುದಕ್ಕೆ ದಕ್ಷಿಣ ಆಫ್ರಿಕದ ಒಂದು ಉದಾಹರಣೆ ಇದೆ. 2013ರಲ್ಲಿ ಜೊಹಾನ್ಸ್‌ಬರ್ಗ್ ಹತ್ತಿರದ ರೈಸಿಂಗ್ ಸ್ಟಾರ್ ಗುಹೆಯ ಆಳದಲ್ಲಿ ಮನುಷ್ಯನ ಹತ್ತಿರದ ಬಂಧುವೊಂದರ ಮೂಳೆಗಳು ಸಿಕ್ಕವು. 1,500ಕ್ಕೂ ಹೆಚ್ಚು ಚೂರುಗಳು. ಲೀ ಬರ್ಗರ್ ಮತ್ತು ಸಂಗಡಿಗರು 2015ರ ಸೆಪ್ಟೆಂಬರಿನಲ್ಲಿ ಅದಕ್ಕೆ ಹೋಮೋ ನಲೆಡಿ ಎಂದು ಹೆಸರಿಟ್ಟರು. ಪ್ರಬಂಧವನ್ನು ಯಾರು ಬೇಕಾದರೂ ಉಚಿತವಾಗಿ ಓದುವಂತೆ ಪ್ರಕಟಿಸಿದರು, ಮುಖ್ಯ ಮೂಳೆಗಳ ಮೂರು ಆಯಾಮದ ಪ್ರತಿಗಳನ್ನು ಮಾರ್ಫೋಸೋರ್ಸ್ ಎಂಬ ಭಂಡಾರದಲ್ಲಿ ಇಟ್ಟರು. ಮನುಷ್ಯನ ಮೂಲಕ್ಕೆ ಸಂಬಂಧಿಸಿದ ಮೂಳೆಗಳನ್ನು ವರ್ಷಗಟ್ಟಲೆ ಕಪಾಟಿನಲ್ಲಿಟ್ಟು, ತಮ್ಮವರಿಗಷ್ಟೇ ತೋರಿಸುವ ಅಭ್ಯಾಸವಿದ್ದ ವಿದ್ಯೆಯಲ್ಲಿ ಇದು ದೊಡ್ಡ ಔದಾರ್ಯ. ಮೂಳೆಗಳ ಆಕಾರ ಎಲ್ಲರಿಗೂ ಸಿಕ್ಕಿತು. ಸಣ್ಣ ಮಿದುಳು, ಹಳೆಯ ಕಾಲದ ಭುಜ ನೋಡಿ ಹಲವರು ಇದು ಇಪ್ಪತ್ತು ಲಕ್ಷ ವರ್ಷದಷ್ಟು ಹಳೆಯದಿರಬೇಕು ಎಂದುಕೊಂಡರು. ಆದರೆ ಕಾಲ ಇನ್ನೂ ಗೊತ್ತಾಗಿರಲಿಲ್ಲ. ಗುಹೆಯ ಸುಣ್ಣದ ಪದರವನ್ನೂ ಹಲ್ಲುಗಳನ್ನೂ ಪರೀಕ್ಷಿಸಿ 2017ರಲ್ಲಿ ಬಂದ ಉತ್ತರ, ಸುಮಾರು 2.36 ಲಕ್ಷದಿಂದ 3.35 ಲಕ್ಷ ವರ್ಷ. ಆಧುನಿಕ ಮನುಷ್ಯ ಹುಟ್ಟುವ ಹೊತ್ತಿಗೆ ಈ ಪುಟ್ಟ ತಲೆಯ ಬಂಧುವೂ ಆಫ್ರಿಕದಲ್ಲಿ ಬದುಕಿದ್ದ. ಆಕಾರ ಹೇಳದೆ ಇದ್ದ ಮಾತನ್ನು ಗುಹೆ ಹೇಳಿತು.

ಅಂತರ್ಜಾಲದಲ್ಲಿ ಆಕಾರ ಬೆಳಕಿನ ವೇಗದಲ್ಲಿ ಓಡುತ್ತದೆ, ಊರು ಹಿಂದೆ ಉಳಿಯುತ್ತದೆ. ಉತ್ತರ ಭಾರತದಲ್ಲಿ ಘಟೋತ್ಕಚನ ಅಸ್ಥಿಪಂಜರ ಸಿಕ್ಕಿದೆ ಎಂಬ ಚಿತ್ರ ನಮ್ಮಲ್ಲಿ ಬಹುತೇಕ ಎಲ್ಲರ ಫೋನಿಗೂ ಒಮ್ಮೆಯಾದರೂ ಬಂದಿರುತ್ತದೆ. ಗುಂಡಿಯಲ್ಲಿ ಮಲಗಿರುವ ಮಹಾಕಾಯ, ಪಕ್ಕದಲ್ಲಿ ಇರುವೆಯಷ್ಟು ಮನುಷ್ಯರು. ಅದು 2002ರಲ್ಲಿ ಚಿತ್ರ ಜೋಡಿಸುವ ಒಂದು ಸ್ಪರ್ಧೆಗಾಗಿ ಮಾಡಿದ್ದು. ಅದರ ಅಡಿಯಲ್ಲಿರುವ ಮೂಲ ಚಿತ್ರ ಮಾತ್ರ ನಿಜವಾದ ಉತ್ಖನನದ್ದು. ನ್ಯೂಯಾರ್ಕ್ ರಾಜ್ಯದ ಹೈಡ್ ಪಾರ್ಕಿನಲ್ಲಿ 2000ದಲ್ಲಿ ಆನೆಯ ದೂರದ ಬಂಧುವಾದ ಮ್ಯಾಸ್ಟೊಡಾನ್ ಒಂದರ ಹೆಚ್ಚುಕಡಿಮೆ ಪೂರ್ತಿ ಅಸ್ಥಿಪಂಜರವನ್ನು ಕೊಳದ ಕೆಸರಿನಿಂದ ಎತ್ತಿದ್ದರು. ಅದು ಈಗ ಇಥಾಕದ ಸಂಗ್ರಹಾಲಯದಲ್ಲಿದೆ. ಹಿಮಯುಗದ ಕೊನೆಗೆ ಬಾಳಿದ ಒಂದು ಮೃಗ, ಅದು ಸತ್ತ ಕೊಳ, ಅದನ್ನು ಕೆಸರಿನಲ್ಲಿ ಮೊಣಕಾಲೂರಿ ಬಿಡಿಸಿದ ಜನ. ಇಷ್ಟು ದೊಡ್ಡ ಕಥೆಯನ್ನು ಅಳಿಸಿ ಅದರ ಮೇಲೆ ಸುಳ್ಳನ್ನು ಅಂಟಿಸಲಾಯಿತು. ಭಾರತಕ್ಕೆ ಬಂದಾಗ ಘಟೋತ್ಕಚನಾದ, ಅರಬ್ ದೇಶಗಳಲ್ಲಿ ಬೇರೆ ಹೆಸರು ಪಡೆದ. ಮಹಾಭಾರತಕ್ಕೂ ಇದರಿಂದ ಅಪಚಾರವೇ ಆಯಿತು. ವ್ಯಾಸರ ಪಾತ್ರಕ್ಕೆ ಕದ್ದ ಮೂಳೆಗಳ ಸಾಕ್ಷಿ ಬೇಕಿಲ್ಲ.

ಓದದವರು ಮಾತ್ರ ಹೀಗೆ ಮಾಡುತ್ತಾರೆ ಎಂದುಕೊಳ್ಳುವಂತಿಲ್ಲ. ಪಂಜಾಬ್ ವಿಶ್ವವಿದ್ಯಾಲಯದ ವಿ.ಜೆ. ಗುಪ್ತಾ ಅವರ ಪ್ರಕರಣ ನಮ್ಮ ದೇಶದ ವಿಜ್ಞಾನಕ್ಕೆ ಅಂಟಿದ ಕಲೆ. ಎರಡು ದಶಕಕ್ಕೂ ಹೆಚ್ಚು ಕಾಲ ಅವರು ಹಿಮಾಲಯದ ಪಳೆಯುಳಿಕೆಗಳ ಬಗ್ಗೆ ಪ್ರಬಂಧಗಳನ್ನು ಬರೆದರು. ಆಸ್ಟ್ರೇಲಿಯಾದ ಜಾನ್ ಟ್ಯಾಲೆಂಟ್ 1989ರಲ್ಲಿ ನೇಚರ್ ಪತ್ರಿಕೆಯಲ್ಲಿ ಬರೆದು, ಅವುಗಳಲ್ಲಿ ಹಲವು ಹಿಮಾಲಯದವೇ ಅಲ್ಲ ಎಂದು ತೋರಿಸಿದರು. ಕೆಲವು ಸೂಕ್ಷ್ಮ ಪಳೆಯುಳಿಕೆಗಳು ನ್ಯೂಯಾರ್ಕಿನ ಆಮ್ಸ್‌ಡೆಲ್ ಕ್ರೀಕ್‌ನಲ್ಲಿ ಸಿಗುವಂಥವು, ಕೆಲವು ಅಮೊನೈಟ್ ಬಂಧುಗಳು ಮೊರೊಕ್ಕೊದಿಂದ ಬಂದು ಅಂಗಡಿಗಳಲ್ಲಿ ಮಾರಾಟವಾಗುವಂಥವು. ವಿಶ್ವವಿದ್ಯಾಲಯದ ವಿಚಾರಣೆಯಲ್ಲೂ ಆರೋಪ ನಿಂತಿತು. ಇದರಲ್ಲಿ ನನ್ನನ್ನು ಬಹಳ ಕಾಡುವುದು ಒಂದು ಮಾತು: ಆ ಪಳೆಯುಳಿಕೆಗಳು ನಕಲಿಯಾಗಿರಲಿಲ್ಲ. ಒಂದೊಂದೂ ಕೋಟ್ಯಂತರ ವರ್ಷದ ಹಿಂದೆ ನಿಜವಾಗಿ ಬದುಕಿದ ಜೀವಿಯದೇ. ಸುಳ್ಳು ಇದ್ದದ್ದು ಊರಿನಲ್ಲಿ ಮಾತ್ರ. ಆ ಒಂದು ಸುಳ್ಳಿನ ಮೇಲೆ ಪ್ರಾಚೀನ ಸಮುದ್ರಗಳ ಗಡಿ ಎಲ್ಲಿತ್ತು, ಯಾವ ಬೆಟ್ಟದ ಶಿಲೆ ಯಾವ ಕಾಲದ್ದು ಎಂಬ ತೀರ್ಮಾನಗಳು ನಿಂತವು. ಜೊತೆಗೆ ಹೆಸರು ಹಾಕಿದ ಅನೇಕರು ಆ ಜಾಗಗಳನ್ನು ಕಂಡಿರಲಿಲ್ಲ. ಕೈಗೆ ಬಂದ ಮಾದರಿಯನ್ನು ನಂಬಿದ್ದರು. ಮುಂದೆ ಬಂದ ಪ್ರಾಮಾಣಿಕ ಸಂಶೋಧಕರು ಯಾವುದನ್ನು ನಂಬಬೇಕು, ಯಾವುದನ್ನು ಬಿಡಬೇಕು ಎಂದು ಆ ಪ್ರಬಂಧಗಳನ್ನು ಒಂದೊಂದಾಗಿ ಸೋಸಬೇಕಾಯಿತು.

ಇದಕ್ಕೆ ಎದುರಾಗಿ ಭೀಮ್‌ಬೇಟ್ಕಾದ ಘಟನೆಯನ್ನು ಇಡಬೇಕು. ಆದಿಮಾನವನ ಚಿತ್ರಗಳಿಗಾಗಿ ಪ್ರಸಿದ್ಧವಾದ ಮಧ್ಯಪ್ರದೇಶದ ಆ ಗುಹೆಗಳಿಗೆ 2020ರಲ್ಲಿ ಹೋದ ಭೂವಿಜ್ಞಾನಿಗಳಿಗೆ ಮೇಲಿನ ಬಂಡೆಯಲ್ಲಿ ಎಲೆಯಂಥ, ಸಾಲುಸಾಲು ಗೆರೆಗಳ ಒಂದು ಆಕೃತಿ ಕಂಡಿತು. ಗ್ರೆಗರಿ ರೆಟಲಾಕ್ ಮತ್ತು ಸಂಗಡಿಗರು ಅದನ್ನು ಡಿಕಿನ್ಸೋನಿಯ ಎಂದು ಗುರುತಿಸಿದರು. ಸುಮಾರು 55 ಕೋಟಿ ವರ್ಷ ಹಿಂದಿನ, ಪ್ರಾಣಿಲೋಕದ ಮೊದಮೊದಲ ಜೀವಿಗಳಲ್ಲಿ ಒಂದು. ಸುದ್ದಿ ಲೋಕವೆಲ್ಲ ಹಬ್ಬಿತು. ಹಾಗಿದ್ದರೆ ಅಲ್ಲಿನ ವಿಂಧ್ಯ ಶಿಲೆಯೂ ಅಷ್ಟೇ ವಯಸ್ಸಿನದು ಎಂದಾಯಿತು. ಆ ಶಿಲೆ ಇನ್ನೂ ಬಹಳ ಹಳೆಯದು ಎಂದು ನಂಬಿದ್ದ ಜೋಸೆಫ್ ಮೀರ್ಟ್ ತಂಡ ಅಲ್ಲಿಗೇ ಹೋಗಿ, ಅದೇ ಬಂಡೆಯ ಕೆಳಗೆ ನಿಂತು ನೋಡಿತು. ಆ ಆಕೃತಿ ಬಂಡೆಯಿಂದ ಸಿಪ್ಪೆಯಂತೆ ಏಳುತ್ತಿತ್ತು. ಪಕ್ಕದಲ್ಲೇ ಜೇನುಗೂಡುಗಳಿದ್ದವು. ಅದು ಹಳೆಯ ಜೇನುಗೂಡಿನ ಅಂಟಿಕೊಂಡ ಉಳಿಕೆ ಎಂದು 2023ರಲ್ಲಿ ಅವರು ಪ್ರಕಟಿಸಿದರು. ರೆಟಲಾಕ್ ವಾದಕ್ಕೆ ಇಳಿಯಲಿಲ್ಲ. ತಾವು ಹೇಳಿದ್ದು ತಪ್ಪೆಂದು ಒಪ್ಪಿಕೊಂಡರು.

ಎರಡೂ ಕಡೆ ತಪ್ಪು ನಡೆದಿದೆ, ಆದರೆ ಎರಡೂ ಒಂದೇ ತೂಕದವಲ್ಲ. ಭೀಮ್‌ಬೇಟ್ಕಾದಲ್ಲಿ ಊರು ಸರಿಯಾಗಿತ್ತು, ಹಾಗಾಗಿ ಮತ್ತೊಬ್ಬರು ಹೋಗಿ ನೋಡುವುದು ಸಾಧ್ಯವಾಯಿತು. ಹಿಮಾಲಯದ ಆ ಮಾದರಿಗಳಿಗೆ ಹಿಂದಿರುಗಿ ಹೋಗಲು ಊರೇ ಇರಲಿಲ್ಲ. ತರಗತಿಯಲ್ಲಿ ಪಳೆಯುಳಿಕೆ ಕಲಿಸುವಾಗ ಡೈನೋಸಾರುಗಳ ಉದ್ದಗಲ ಹೇಳುವ ಮೊದಲು ನಾನು ಈ ಎರಡು ಕಥೆಗಳನ್ನು ಹೇಳಬೇಕೆನ್ನುತ್ತೇನೆ. ಜೇನುಗೂಡನ್ನು ಜೀವಿಯೆಂದು ಭಾವಿಸಿದ ವಿಜ್ಞಾನಿ ಸಣ್ಣವನಾಗಲಿಲ್ಲ ಎಂದು ಹನ್ನೆರಡು ವರ್ಷದ ಮಗುವಿಗೆ ತಿಳಿಯುವುದು ದೊಡ್ಡ ವಿದ್ಯೆ. ಪಠ್ಯಪುಸ್ತಕ ಇಂಥ ಕಥೆಗಳಿಗೆ ಜಾಗ ಕೊಡುವುದಿಲ್ಲ. ಜಾಗವಂತೂ ಕುಗ್ಗುತ್ತಲೇ ಇದೆ. 2023ರಲ್ಲಿ ಎನ್‌ಸಿಇಆರ್‌ಟಿಯ ಹತ್ತನೇ ತರಗತಿಯ ವಿಜ್ಞಾನ ಪುಸ್ತಕದಿಂದ ಜೀವವಿಕಾಸದ ಭಾಗವೇ ಹೊರಗೆ ಹೋಯಿತು. ಸಾವಿರಾರು ವಿಜ್ಞಾನಿಗಳು, ಮೇಷ್ಟರುಗಳು ಅದನ್ನು ವಿರೋಧಿಸಿ ಸಹಿ ಹಾಕಿದರು. ವಿಜ್ಞಾನವನ್ನು ಹತ್ತಕ್ಕೇ ಬಿಡುವ ಮಕ್ಕಳ ಸಂಖ್ಯೆ ಈ ದೇಶದಲ್ಲಿ ಎಷ್ಟೆಂದು ಯೋಚಿಸಿದರೆ ನನಗೆ ಸಂಕಟವಾಗುತ್ತದೆ.

ಊರಿನ ಪ್ರಶ್ನೆಯ ಬೆನ್ನಿಗೇ ಒಡೆತನದ ಪ್ರಶ್ನೆ ಬರುತ್ತದೆ. ಮೇಲೆ ಹೇಳಿದ ಡೇಟಾಬೇಸನ್ನೇ ಪರಿಶೀಲಿಸಿ ಒಂದು ಸಂಶೋಧಕರ ತಂಡ 2021ರ ಕೊನೆಗೆ ಒಂದು ಪ್ರಬಂಧ ಪ್ರಕಟಿಸಿತು. 1990ರಿಂದ ಮೂವತ್ತು ವರ್ಷಗಳಲ್ಲಿ ಪ್ರಕಟವಾಗಿ ಅಲ್ಲಿ ಸೇರಿದ ಮಾಹಿತಿಯಲ್ಲಿ ಶೇಕಡಾ 97ರಷ್ಟು ಶ್ರೀಮಂತ ಮತ್ತು ಮೇಲ್ಮಧ್ಯಮ ಆದಾಯದ ದೇಶಗಳ ಲೇಖಕರಿಂದ ಬಂದದ್ದು ಎಂದು ಅದು ಕಂಡುಕೊಂಡಿತು. ಮೂಳೆ ಒಂದು ದೇಶದ್ದು, ಅದರ ಮಾತು ಇನ್ನೊಂದು ದೇಶದ್ದು. ಬ್ರೆಜಿಲಿನ ಅರಾರಿಪೆ ಪ್ರದೇಶದ ಒಂದು ಪುಟ್ಟ ಡೈನೋಸಾರ್ ಜರ್ಮನಿಯ ಸಂಗ್ರಹಾಲಯವೊಂದಕ್ಕೆ ಸೇರಿತ್ತು. 2020ರ ಡಿಸೆಂಬರಿನಲ್ಲಿ ಅದಕ್ಕೆ ಉಬಿರಜಾರ ಎಂದು ಹೆಸರಿಟ್ಟ ಪ್ರಬಂಧ ಬಂದಾಗ ಬ್ರೆಜಿಲಿನವರು ಸುಮ್ಮನಿರಲಿಲ್ಲ. ಪಳೆಯುಳಿಕೆಗಳು ರಾಷ್ಟ್ರದ ಸ್ವತ್ತು ಎಂಬ ಕಾನೂನು ಅವರಲ್ಲಿ 1942ರಿಂದಲೂ ಇದೆ. ವಿಜ್ಞಾನಿಗಳು, ವಿದ್ಯಾರ್ಥಿಗಳು, ಡೈನೋಸಾರ್ ಪ್ರೀತಿಸುವ ಸಾಮಾನ್ಯರು ಸಾಮಾಜಿಕ ಜಾಲತಾಣಗಳಲ್ಲಿ ಒಂದೇ ಮಾತನ್ನು ಹಿಡಿದು ಕೂತರು: ಅದು ನಮ್ಮದು. ಪ್ರಬಂಧವನ್ನು ಹಿಂದಕ್ಕೆ ಪಡೆಯಲಾಯಿತು. 2023ರ ಜೂನಿನಲ್ಲಿ ಆ ಪಳೆಯುಳಿಕೆ ತನ್ನ ನೆಲಕ್ಕೆ ಮರಳಿತು. ಘಟೋತ್ಕಚನ ಚಿತ್ರವನ್ನು ಹರಡಿದ ಅಂತರ್ಜಾಲವೇ ಈ ಕೆಲಸವನ್ನೂ ಮಾಡಿಸಿತು.

ಹಾಗೆಂದು ಊರನ್ನು ಎಲ್ಲರಿಗೂ ಸಾರಿ ಹೇಳಬೇಕೇ? ಇಲ್ಲಿ ನನ್ನ ಮಾತು ನನಗೇ ತೊಡಕಾಗುತ್ತದೆ. ನಿಖರವಾದ ಜಾಗ ಪ್ರಕಟವಾದರೆ ವಾರದೊಳಗೆ ಅಲ್ಲಿ ಸುತ್ತಿಗೆ ಹಿಡಿದವರು ಬರಬಹುದು, ಮೊಟ್ಟೆಯೋ ಹಲ್ಲೋ ಯಾರದೋ ಶೋಕೇಸಿಗೆ ಹೋಗಬಹುದು. ಅಮೆರಿಕದಲ್ಲಿ ಸರ್ಕಾರಿ ನೆಲದ ಪಳೆಯುಳಿಕೆಗಳ ಜಾಗದ ವಿವರವನ್ನು ಗುಟ್ಟಾಗಿಡುವುದಕ್ಕೆ 2009ರ ಕಾಯ್ದೆಯೇ ಅವಕಾಶ ಕೊಟ್ಟಿದೆ. ನಮ್ಮಲ್ಲಿ ಭೂಪರಂಪರೆಯ ತಾಣಗಳ ಮಸೂದೆಯ ಕರಡು ಬಂದದ್ದೇ 2022ರಲ್ಲಿ. ನನಗೆ ಸರಿ ಎನಿಸುವ ದಾರಿ ಇದು: ಊರು ದಾಖಲಾಗಲೇಬೇಕು, ಸಂಗ್ರಹಾಲಯದ ಪುಸ್ತಕದಲ್ಲಿ, ಸಂಶೋಧಕರ ಕಡತದಲ್ಲಿ ಅಳಿಯದಂತೆ ಇರಬೇಕು, ಜಗತ್ತಿಗೆಲ್ಲ ತೋರಿಸುವಾಗ ಜಿಲ್ಲೆ, ಶಿಲಾಪದರದ ಹೆಸರು ಸಾಕು. ಆ ನೆಲದಲ್ಲಿ ಬದುಕುವವರಿಗೆ ಮಾತ್ರ ಏನನ್ನೂ ಮುಚ್ಚಿಡಬಾರದು. ಕಾಯುವವರು ಅವರೇ.

ಕರ್ನಾಟಕದ ಮಕ್ಕಳು ನಮ್ಮೂರಿನಲ್ಲಿ ಡೈನೋಸಾರ್ ಇಲ್ಲವೇ ಎಂದು ಕೇಳುತ್ತಾರೆ. ನಮ್ಮ ಬಹುಪಾಲು ಶಿಲೆಗಳು ಪ್ರಾಣಿಗಳೇ ಹುಟ್ಟುವ ಮೊದಲಿನವು. ಈ ಉತ್ತರ ಕೇಳಿ ಮಗುವಿನ ಮುಖ ಬಾಡಿದರೆ ಮೇಷ್ಟರು ಅಲ್ಲಿಗೇ ನಿಲ್ಲಿಸಬಾರದು. ತುಮಕೂರು ಜಿಲ್ಲೆಯ ದೊಡ್ಡಗುಣಿಯಲ್ಲಿ, ಸಂಡೂರಿನ ಬೆಟ್ಟಗಳಲ್ಲಿ ಸ್ಟ್ರೊಮಾಟೊಲೈಟ್ ಎಂಬ ಪದರಪದರದ ಗುರುತುಗಳಿವೆ. 250 ಕೋಟಿ ವರ್ಷಗಳಿಗೂ ಹಿಂದೆ, ಆಳವಿಲ್ಲದ ನೀರಿನಲ್ಲಿ ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು ಲೋಳೆಯ ಹಾಸಾಗಿ ಬೆಳೆದವು. ಹೂಳು ಅದರ ಮೇಲೆ ಅಂಟಿತು. ಬೆಳಕಿಗಾಗಿ ಜೀವಿಗಳು ಮತ್ತೆ ಮೇಲೆ ಹರಡಿದವು. ಮತ್ತೆ ಹೂಳು ಬಿತ್ತು. ಹೀಗೆ ಏರಿದ ಪದರಗಳು ಕಲ್ಲಾದವು. ಸೂರ್ಯನ ಬೆಳಕಿನಿಂದ ಆಹಾರ ಮಾಡಿ ಆಮ್ಲಜನಕ ಬಿಡುವುದನ್ನು ಭೂಮಿಗೆ ಕಲಿಸಿದ್ದು ಇಂಥ ಹಾಸುಗಳ ಜೀವಿಗಳೇ. ಬಾಗಲಕೋಟೆಯ ಸುತ್ತಿನ ಕಲಾದಗಿ ಶಿಲೆಗಳಲ್ಲೂ ಸ್ಟ್ರೊಮಾಟೊಲೈಟುಗಳಿವೆ. ಅವು ದೊಡ್ಡಗುಣಿಯವಕ್ಕಿಂತ ಕಿರಿಯವು, ಆದರೂ ನೂರು ಕೋಟಿ ವರ್ಷಕ್ಕೂ ಹಳೆಯವು. ಅದೇ ಸೀಮೆಯ ಸುಣ್ಣಕಲ್ಲು ಸಿಮೆಂಟಾಗಿ ನಮ್ಮ ಗೋಡೆಗಳಿಗೆ ಬರುತ್ತದೆ. ಜಗತ್ತಿನ ಪಾಠತಾಣಗಳಲ್ಲಿ ಸ್ಟ್ರೊಮಾಟೊಲೈಟ್ ಎಂದರೆ ಆಸ್ಟ್ರೇಲಿಯಾದ ಶಾರ್ಕ್ ಬೇ ಚಿತ್ರ ಬರುತ್ತದೆ. ಆ ಪಕ್ಕದಲ್ಲಿ ದೊಡ್ಡಗುಣಿಯ ಚಿತ್ರವೂ ಇರಬೇಕು, ಅಳತೆಗೆ ಪಕ್ಕದಲ್ಲೊಂದು ನಾಣ್ಯ, ಕೆಳಗೆ ಕನ್ನಡದಲ್ಲಿ ನಾಲ್ಕು ಸಾಲು ಇರಬೇಕು. ಕಲ್ಲನ್ನು ಕಿತ್ತು ತರಗತಿಗೆ ತರುವುದು ಬೇಡ. ಮಕ್ಕಳು ಅಲ್ಲಿಗೆ ಹೋಗಲಿ.

ಮಧ್ಯಪ್ರದೇಶದ ಧಾರ್ ಜಿಲ್ಲೆಯಲ್ಲಿ ಒಂದು ಹಳ್ಳಿ ಇದೆ, ಪಾಡಲ್ಯ. ಅಲ್ಲಿನ ಜನ ಹೊಲದಲ್ಲಿ ಸಿಕ್ಕ ಗುಂಡುಕಲ್ಲುಗಳನ್ನು ಕಾಕರ್ ಭೈರವನೆಂದು ತಲೆಮಾರುಗಳಿಂದ ಪೂಜಿಸುತ್ತಿದ್ದರು. ಹೊಲವನ್ನೂ ದನಕರುಗಳನ್ನೂ ಕಾಯುವ ದೇವರು. ಅವು ಟೈಟನೋಸಾರ್ ಎಂಬ ದೊಡ್ಡ ಸಸ್ಯಾಹಾರಿ ಡೈನೋಸಾರಿನ ಮೊಟ್ಟೆಗಳೆಂದು ವಿಜ್ಞಾನಿಗಳು ಗುರುತಿಸಿದ ಸುದ್ದಿ 2023ರ ಕೊನೆಗೆ ಬಂತು. ಪತ್ರಿಕೆಗಳು ಅದನ್ನು ಹಳ್ಳಿಗರ ಅಜ್ಞಾನದ ಕಥೆಯಂತೆ ಬರೆದವು, ನನಗೆ ಅದು ಒಪ್ಪಿಗೆಯಾಗಲಿಲ್ಲ. ಪೂಜಿಸಿದ್ದರಿಂದಲೇ ಅವು ಒಡೆಯದೆ, ಮಾರಾಟವಾಗದೆ, ಸಿಕ್ಕ ಸೀಮೆಯಲ್ಲೇ ಉಳಿದವು. ನಮ್ಮ ಮನೆಗಳ ಸಾಲಿಗ್ರಾಮಕ್ಕೆ ಸಿಕ್ಕ ಗೌರವ ಅವರ ಭೈರವನಿಗೂ ಸಲ್ಲಬೇಕು.

ಅದೇ ವರ್ಷದ ಜನವರಿಯಲ್ಲಿ ಧಾರ್ ಜಿಲ್ಲೆಯ ಮೊಟ್ಟೆಗಳ ಬಗ್ಗೆ ಹರ್ಷಾ ಧೀಮಾನ್, ಗುಂಟುಪಲ್ಲಿ ಪ್ರಸಾದ್ ಮತ್ತು ಸಂಗಡಿಗರ ಪ್ರಬಂಧ ಪ್ಲಾಸ್ ಒನ್ ಪತ್ರಿಕೆಯಲ್ಲಿ ಬಂದಿತ್ತು: 92 ಗೂಡುಗಳು, 256 ಮೊಟ್ಟೆಗಳು. ಗೂಡುಗಳು ಎಷ್ಟು ಒತ್ತಾಗಿವೆಯೆಂದರೆ, ಅಷ್ಟು ದೊಡ್ಡ ತಾಯಿ ಅವುಗಳ ನಡುವೆ ಓಡಾಡಿ ಮರಿಗಳನ್ನು ಸಾಕಿರಲಾರದು, ಮೊಟ್ಟೆಯಿಟ್ಟು ಹೊರಟುಹೋಗಿರಬೇಕು ಎಂದು ಅವರು ತರ್ಕಿಸುತ್ತಾರೆ. ಗೂಡುಗಳು ಎಲ್ಲೆಲ್ಲಿವೆ, ಯಾವ ಪದರದಲ್ಲಿವೆ, ಒಂದೊಂದರಲ್ಲಿ ಎಷ್ಟು ಮೊಟ್ಟೆ ಎಂಬುದೆಲ್ಲ ಚಿತ್ರಸಮೇತ ಅದರಲ್ಲಿದೆ; ಓದಲು ಯಾರೂ ಕಾಸು ಕೊಡಬೇಕಿಲ್ಲ. ಆದರೆ ಅದು ಇಂಗ್ಲಿಷಿನಲ್ಲಿದೆ. ಆ ಹೊಲಗಳನ್ನು ಉಳುವವರ ಭೀಲಿಯಲ್ಲಾಗಲಿ ನಿಮಾಡಿಯಲ್ಲಾಗಲಿ ಅದನ್ನು ಹೇಳುವ ಕೆಲಸ ಬಾಕಿ ಇದೆ, ನಮ್ಮ ಮಕ್ಕಳಿಗೆ ಕನ್ನಡದಲ್ಲಿ ಹೇಳುವುದೂ ಬಾಕಿ ಇದೆ. ಆ ಪತ್ರಿಕೆಯ ಪರವಾನಗಿಯ ಪ್ರಕಾರ ಯಾರು ಬೇಕಾದರೂ ಅದನ್ನು ತಮ್ಮ ಭಾಷೆಗೆ ತಂದು ಹಂಚಬಹುದು. ಲೇಖಕರ ಹೆಸರು ಹಾಕಿ ಮೂಲವನ್ನು ತಿಳಿಸಿದರಾಯಿತು, ಅಪ್ಪಣೆ ಕೇಳಬೇಕಿಲ್ಲ. ವಿಜ್ಞಾನ ಬಲ್ಲ ಒಬ್ಬ ಮೇಷ್ಟರು, ಭಾಷೆ ಬಲ್ಲ ಇನ್ನೊಬ್ಬರು ಜೊತೆಗೂಡಿದರೆ ಒಂದು ಬೇಸಿಗೆ ರಜೆಯಲ್ಲಿ ಮುಗಿಯುವ ಕೆಲಸ ಅದು.